ಬೀಗರ ಬಿಗುಮಾನ ಮತ್ತು ಓಡುವ ಹೆಣಗಳು

ದೇವರು ಎಲ್ಲರ ಮನೆಗೂ ಒಂದಿಷ್ಟು ನಗೆ ಕಳಿಸುತ್ತಾನೆ. ನಮ್ಮ ಮನೆಗೆ ಕಳಿಸುವಾಗ ಮಾತ್ರ ಕೈ ಬಿಗಿ ಹಿಡಿಯುವುದನ್ನು ಮರೆಯುತ್ತಾನೆ. ವಿಭೂತಿ ಹಚ್ಚಿ ಸೂಗೂರೇಶ್ವರನ ಪಟಕ್ಕೆ ಕೈ ಮುಗಿಯದೆ ಚಹಾ ಸಹ ಮುಟ್ಟದವನು ನಾನು. ಅಂಥವನ ಕೈಗೆ ಬಂದೂಕು ಬಂದದ್ದು ಬೀಗರಿಂದ.

ಮಗಳ ಮದುವೆಯ ಊಟದಲ್ಲಿ ತುಪ್ಪ ಬಡಿಸುವವನು ಅಳಿಯನ ತಂದೆಯ ಎಲೆಯೊಂದನ್ನೇ ದಾಟಿ ಮುಂದೆ ಹೋಗಿಬಿಟ್ಟ. ಮಾನ್ವಿಯ ಬೀಗರು ಒಣ ಹೋಳಿಗೆ ತಿಂದು ಎದ್ದರು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟರು. ಅವರು ಬಿಟ್ಟರೆಂದು ನಾನೂ ಬಿಟ್ಟೆ. ಈಗ ಮಗಳಿಗೆ ಏಳನೆಯ ತಿಂಗಳು. ರಾಯಚೂರಿನ ನಮ್ಮ ಮನೆಯಲ್ಲಿ ಕುಬಸ, ಎಂದರೆ ಸೀಮಂತ, ಆಗಬೇಕು. ಗಂಡನ ಸಂಗಡ ದೇವದುರ್ಗದಲ್ಲಿರುವ ಅವಳು ಫೋನು ಮಾಡಿ, “ಯಪ್ಪಾ, ನೀವಿಬ್ರೂ ಮಾತಾಡೋತನಕ ನಾ ಕುಬಸದ ಸೀರಿ ಉಡಂಗಿಲ್ಲ” ಎಂದಳು.

ಅಳಿಯ ಒಂದು ಉಪಾಯ ಹೂಡಿದ. ಭಾನುವಾರ ಮಧ್ಯಾಹ್ನ ನಾವಿಬ್ಬರು ಬೀಗರು, ಮಗಳು, ಅಳಿಯ, ಹೀಗೆ ನಾಲ್ವರೂ ಅವರವರ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಒಂದೇ ಆಟ ಆಡುವುದು. ಸತ್ತವರು ಎದ್ದು ಕಚ್ಚಲು ಬರುತ್ತಾರೆ. ಗುಂಡು ಹೊಡೆಯುತ್ತ, ಒಬ್ಬರನ್ನೊಬ್ಬರು ಕಾಯುತ್ತ ಓಡಬೇಕು. “ಕೂಡಿ ಆಡಿದ್ರ ಮಾತು ತಾವ ಬರ್ತಾವ್ರಿ ಮಾವಾರೇ” ಎಂದ.

ಸಂಸ್ಕಾರ

ಸತ್ತವರಿಗೆ ಗುಂಡು ಹೊಡೆಯುವುದು ನನಗೆ ಸರಿ ಕಾಣಲಿಲ್ಲ. ಪೂಜೆಗೆ ಬರುವ ಅಯ್ಯನವರನ್ನು ಕೇಳಿದೆ: “ಅಯ್ಯಾರೇ, ಸತ್ತವರನ್ನ ಮತ್ತ ಸಾಯಿಸಿದ್ರ ಪಾಪ ಬರ್ತದೇನ್ರಿ?”

ಅಯ್ಯನವರು ಕಣ್ಣು ಮುಚ್ಚಿ ಯೋಚಿಸಿದರು. “ಅವರದು ಸಂಸ್ಕಾರ ಆಗ್ಯಾದೇನು?”

“ಆಗಿದ್ರ ಯಾಕ ಎದ್ದು ಬರ್ತಿದ್ರು?”

“ಖರೇ ಅದ. ಹಂಗಾರ ಹೊಡೀರಿ. ಆದ್ರ ಸೋಮವಾರ ಬ್ಯಾಡ.”

ನನ್ನ ಹೆಂಡತಿಯ ಚಿಂತೆ ಬೇರೆ. ಫೋನು ಕಸಿದುಕೊಂಡು ಮಗಳಿಗೆ, “ಬಸುರಿ ಹೆಂಗಸು ಹೆಣ ನೋಡಬಾರದಬೇ” ಎಂದಳು.

“ಹೆಣ ಅಲ್ಲ ಯವ್ವಾ, ಇವು ಓಡ್ತಾವ.”

“ಓಡ್ತಾವಂದ್ರ ಅಡ್ಡಿಯಿಲ್ಲ” ಎಂದು ಫೋನು ಮರಳಿಸಿದಳು.

ನಡುವೆ ಅಳಿಯ

ಒಬ್ಬರ ಮಾತು ನಾಲ್ವರಿಗೂ ಕೇಳುವ ಆಟ ಅದು. ಆದರೆ ಬೀಗತನದ ರೀತಿ ಬೇರೆ. ಮೊದಲು ಬಾಯಿ ಬಿಟ್ಟವನ ಮರ್ಯಾದೆ ಹೋಯಿತು. ಆದ್ದರಿಂದ ಎಲ್ಲ ಸುದ್ದಿಯೂ ಅಳಿಯನ ಮೂಲಕವೇ ಹೋಗಬೇಕು. ಒಂದು ಹೆಣ ನನ್ನ ಬೆನ್ನ ಹಿಂದೆ ಬಂದದ್ದನ್ನು ಬೀಗರು ಕಂಡರು.

“ಲೇ ತಮ್ಮಾ, ನಿಮ್ಮ ಮಾವಾರಿಗೆ ಹೇಳು, ಹಿಂದೊಂದು ನಿಂತದ ಅಂತ.”

“ಮಾವಾರೇ, ನಮ್ಮಪ್ಪಾರು ಹೇಳ್ತಾರ, ಹಿಂದೊಂದು ನಿಂತದಂತ್ರಿ.”

“ಯಾವ ಕಡಿಗೆ ಅಂತ ಕೇಳು ಅವರಿಗೆ.”

“ಅಪ್ಪಾ, ಯಾವ ಕಡಿಗೆ ಅಂತ ಕೇಳಾಕತ್ತಾರ.”

“ಎಡಕ್ಕ ಇತ್ತು ಅಂತ ಹೇಳು. ಈಗ ಅವರ ಮ್ಯಾಲೇ ಕುಂತದ.”

ಔಷಧದ ಪೆಟ್ಟಿಗೆ

ಮುಂದಿನ ಭಾನುವಾರ ಕಚ್ಚಿಸಿಕೊಳ್ಳುವ ಸರದಿ ಬೀಗರದು. ನೆಲ ಹಿಡಿದು ನರಳುತ್ತಿದ್ದರು. ಆಟದಲ್ಲಿ ಗಾಯ ವಾಸಿ ಮಾಡುವ ಔಷಧದ ಪೆಟ್ಟಿಗೆ ನನ್ನ ಹತ್ತಿರವಿತ್ತು. ಎಷ್ಟಾದರೂ ಬೀಗರು, ಓಡಿಹೋಗಿ ಅವರ ಮುಂದೆ ಇಟ್ಟೆ.

ತುಪ್ಪದ ವಿಷಯ ತೀರುವವರೆಗೆ ನಮ್ಮ ಕೈಯ ನೀರನ್ನೂ ಮುಟ್ಟುವುದಿಲ್ಲವೆಂದು ಬೀಗರು ಊರಿಗೆಲ್ಲ ಸಾರಿದ್ದರು. “ಅವರ ಮನಿ ಔಷಧ ನನಗ ಬ್ಯಾಡ” ಎಂದರು.

“ಮಾವಾರೇ, ಅದು ಅವರ ಮನೀದಲ್ರಿ, ಆಟದ್ದು! ತಗೋರಿ, ಸಾಯ್ತೀರಿ!” ಮಗಳು ಕೂಗಿದಳು.

“ಸತ್ರ ಸಾಯ್ತೀನಿ ಬಿಡವ್ವಾ. ತುಪ್ಪ ಇಲ್ಲದ ಹೋಳಿಗಿ ನುಂಗಿದ ಮನಷ್ಯಾಗ ಇದ್ಯಾವ ದೊಡ್ಡ ಸಾವು?”

ಸತ್ತರು. ಅಷ್ಟರಲ್ಲಿ ನನಗೂ ಕಚ್ಚಿದವು. ಆದರೆ ಒಮ್ಮೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಪೆಟ್ಟಿಗೆ ಬಿದ್ದಲ್ಲೇ ಬಿದ್ದಿತ್ತು. ಅದರ ಪಕ್ಕದಲ್ಲಿ ನಾನೂ ಮರ್ಯಾದೆಯಿಂದ ಬಿದ್ದೆ.

ಹೊಸ್ತಿಲು

ಕುಬಸ ಹತ್ತಿರ ಬಂತು. ಸೀರೆ ಇನ್ನೂ ಮಡಿಕೆಯಲ್ಲೇ ಇತ್ತು. ಕೊನೆಯ ಭಾನುವಾರ, ದೇವರ ದಯೆಯಿಂದ, ನಾಲ್ವರೂ ಕೊನೆಯವರೆಗೆ ಬದುಕಿದೆವು. ಎದುರಿಗೆ ಕಬ್ಬಿಣದ ಬಾಗಿಲಿನ ಕೋಣೆ. ಎಲ್ಲರೂ ಒಳಗೆ ಹೊಕ್ಕು ಬಾಗಿಲು ಹಾಕಿದರೆ ಗೆದ್ದಂತೆ. ಮಗಳು, ಅಳಿಯ ಒಳಗೆ ಹೋದರು. ಹೊಸ್ತಿಲ ಮುಂದೆ ಬೀಗರು ನಿಂತರು, ನಾನೂ ನಿಂತೆ. ಗಂಡಿನ ತಂದೆಯನ್ನು ಹೊರಗೆ ಬಿಟ್ಟು ಹೆಣ್ಣಿನ ತಂದೆ ಮೊದಲು ಹೋಗುವುದುಂಟೆ? ನನಗೇ ತಿಳಿಯದೆ ಬಾಯಿ ತೆರೆಯಿತು.

“ಒಳಗ ನಡೀರಿ, ಬೀಗರೇ.”

ಫೋನಿನಲ್ಲಿ ಬೀಗರು ಗಂಟಲು ಸರಿಮಾಡಿಕೊಂಡರು.

“ಇಲ್ರಿ, ನೀವು ಹಿರ್ಯಾರು. ನೀವು ಮೊದಲ.”

“ಎಲ್ಲ್ಯಾರ ಉಂಟೇನ್ರಿ? ನೀವು ನಡೀರಿ.”

“ನಿಮ್ಮನ್ನ ಬಿಟ್ಟು ನಾ ಹೆಂಗ ಹೋಗ್ಲಿ?”

“ಮಾತಾಡಿದ್ರು!” ಎಂದು ಮಗಳು ಹಿಗ್ಗಿದಳು. ಮರುಗಳಿಗೆಗೆ ಚೀರಿದಳು: “ಯಾರಾರ ಒಬ್ರು ಮೊದಲ ಬರ್ರಿ! ಬಂದ್ವು, ಬಂದ್ವು!”

ಬಂದವು. ಇಬ್ಬರ ಮೇಲೂ ಗುಡ್ಡೆಯಾಗಿ ಬಿದ್ದವು. ಆ ಗುಡ್ಡೆಯ ಕೆಳಗಿಂದ ಬೀಗರ ನಿಧಾನದ ದನಿ ಬಂತು: “ಹಂಗಾರ ಕುಬಸಕ್ಕ ಯಾವಾಗ ಬರಬೇಕ್ರಿ?”

“ಮುಂಜಾನೆನೇ ಬಂದುಬಿಡ್ರಿ” ಎಂದು ಹೇಳಿ ನಾನು ಸತ್ತೆ.

ಬಂದರು. ಆದರೆ ನಮ್ಮ ಮನೆಯ ತಲೆಬಾಗಿಲಲ್ಲೂ ಅದೇ ಕಥೆ. “ನೀವು ಮೊದಲ.” “ಇಲ್ರಿ, ನೀವು ಮೊದಲ.” ಒಳಗೆ ಅಯ್ಯನವರು ಮುಹೂರ್ತ ಮೀರಿತೆಂದು ಕೂಗುತ್ತಿದ್ದರು. ಹಸಿರು ಸೀರೆಯುಟ್ಟು ಕುಳಿತಿದ್ದ ಮಗಳು ಸಿಟ್ಟು ತಡೆಯದೆ ಚೀರಿದಳು: “ಯಪ್ಪಾ, ಮಾವಾರೇ, ಹಿಂದ ಬಂದ್ವು!”

ತಿರುಗಿ ಸಹ ನೋಡದೆ ಇಬ್ಬರೂ ಒಟ್ಟಿಗೇ ನುಗ್ಗಿದೆವು. ಬಾಗಿಲು ಹಳೆಯದು, ಇಕ್ಕಟ್ಟು. ನಮ್ಮ ಹೊಟ್ಟೆಗಳು ಹಾಗಲ್ಲ. ಚೌಕಟ್ಟಿನಲ್ಲಿ ಸಿಕ್ಕಿಕೊಂಡೆವು. ಅಳಿಯ ಒಳಗಿಂದ ಎಳೆದ, ಅಲುಗಲಿಲ್ಲ.

ನನ್ನ ಹೆಂಡತಿ ನೋಡಿದಳು. “ಅಲ್ಲಾಡಬ್ಯಾಡ್ರಿ, ತುಪ್ಪ ತಂದು ಹಚ್ಚತೀನಿ” ಎಂದು ಅಡುಗೆಮನೆಗೆ ಓಡಿದಳು.

ಬೀಗರು ಸಿಕ್ಕಿಕೊಂಡಲ್ಲಿಂದಲೇ ಕೂಗಿ ಹೇಳಿದರು: “ತರ್ರಿ ಯವ್ವಾ. ಆದ್ರ ಈ ಸಲಾನೂ ನನ್ನೊಬ್ಬನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ.”