ಬಸ್ ಸ್ಟ್ಯಾಂಡ್ ಯಾವ ಕಡೆರೀ?

ನಮ್ಮ ಮಾವನಿಗೆ ಹುಚ್ಚು ಹಿಡಿದಿದೆ ಎಂದು ಹಾವೇರಿಯ ಒಬ್ಬ ಪಾತ್ರೆ ವ್ಯಾಪಾರಿ ಇಂದಿಗೂ ನಂಬಿದ್ದಾನೆ. ಅವನ ತಿಳುವಳಿಕೆ ತಪ್ಪು. ಹುಚ್ಚರಿಗೆ ಯಾವ ಊರಾದರೂ ನಡೆಯುತ್ತದೆ. ನಮ್ಮ ಮಾವನಿಗೆ ತಮ್ಮ ಲೈಫ್‌ಸ್ಟೈಲಿಗೆ ತಕ್ಕ ಊರೇ ಬೇಕಾಗಿತ್ತು!

ಲೈಫ್‌ಸ್ಟೈಲ್ ಎಂಬ ಶಬ್ದ ನನ್ನದಲ್ಲ, ಅವರದು. ಅವರಿಗೂ ಅದು ಸಿಕ್ಕಿದ್ದು ಮೊಬೈಲಿನ ಒಂದು ವಿಡಿಯೊದಲ್ಲಿ. ಬೆಳ್ಳನೆಯ ಹಲ್ಲಿನ ಹುಡುಗನೊಬ್ಬ ಸಮುದ್ರದ ದಂಡೆಯ ಮೇಲೆ ನಿಂತು, ನೀವು ಬದುಕುವ ರೀತಿಗೆ ಯಾವ ನಗರ ಹೊಂದುತ್ತದೋ ಅದನ್ನೇ ಆರಿಸಿಕೊಳ್ಳಿ ಎಂದು ಉಪದೇಶ ಮಾಡಿದ. ಸೈಕಲ್ ದಾರಿ ಇದೆಯೇ ನೋಡಿ, ಒಳ್ಳೆಯ ಕಾಫಿ ಸಿಗುತ್ತದೆಯೇ ನೋಡಿ ಎಂದ. ಮಾವ ಕೊನೆಯತನಕ ನೋಡಿ, "ಖರೇ ಹೇಳ್ತಾನ ಹುಡುಗ" ಎಂದರು. ಸಮುದ್ರವಿರುವ ಊರು ಅವರ ಲೆಕ್ಕದಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು. ಇದ್ದವು ಮೂರೇ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ.

ಮುಂದೆ ಹೋಗುವ ಮೊದಲು ನನ್ನ ಪರಿಚಯ. ಮಾವ ಎಂದರೆ ನಮ್ಮವ್ವನ ಅಣ್ಣ. ನಾನು ಹಾವೇರಿ ಪಕ್ಕದ ಅಗಡಿಯವಳು, ಹಾವೇರಿಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. "ಈಗ ಕಾಣಿಸ್ತೈತೇನ್ರಿ? ಈಗ?" ಎಂದು ದಿನವಿಡೀ ಕೇಳುವುದೇ ಕೆಲಸ. ಹಾಗಾಗಿ ಕಂಡಷ್ಟನ್ನೇ ಹೇಳುವ ಅಭ್ಯಾಸವಾಗಿದೆ. ಇಲ್ಲಿ ಬರೆದಿರುವುದೆಲ್ಲ ನಾನು ಮಾವನ ಪಕ್ಕದಲ್ಲಿ ನಿಂತು, ಭೂಮಿ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಯೋಚಿಸುತ್ತ ಕಣ್ಣಾರೆ ಕಂಡದ್ದು. ಉತ್ಪ್ರೇಕ್ಷೆ ಏನಾದರೂ ಇದ್ದರೆ ಅದು ಮಾವನ ಸ್ವಭಾವದ್ದು, ನನ್ನ ಬರವಣಿಗೆಯದಲ್ಲ.

ಮಾವನ ಲೈಫ್‌ಸ್ಟೈಲ್ ಎಂದರೆ ಏನು ಎಂದು ಕೇಳುತ್ತೀರಾ? ಅದು ಸೈರನ್ನು! ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಅವರ ಹರೆಯವೆಲ್ಲ ಕಳೆಯಿತು. ಸೈರನ್ ಆದರೆ ಏಳುವುದು, ಸೈರನ್ ಆದರೆ ಉಣ್ಣುವುದು, ಸೈರನ್ ಆದರೆ ಮಲಗುವುದು. ರಜೆಗೆ ನಮ್ಮೂರಿಗೆ ಬಂದರೆ ಬಡಿಸಿದ ತಾಟಿನ ಮುಂದೆ ಕೈಕಟ್ಟಿ ಕೂರುತ್ತಿದ್ದರು. "ಉಣ್ಣಪಾ ಅಣ್ಣಾ, ರೊಟ್ಟಿ ಆರತಾವ" ಎಂದು ನಮ್ಮವ್ವ ಅಂದರೆ, "ಹಸಿವಾಗೇತೋ ಇಲ್ಲೋ ಹೆಂಗ ಗೊತ್ತಾಗಬೇಕವಾ, ಸೈರನ್ನೇ ಆಗಿಲ್ಲಲ್ಲ?" ಎನ್ನುತ್ತಿದ್ದರು.

ಇನ್ನೊಂದು ಗುಣವಿದೆ. ಮಾವ ಯಾವ ಮಾತನ್ನೂ ಎರಡನೆಯ ಸಲ ಹೇಳುವವರಲ್ಲ. ಚಿಕ್ಕವಳಿದ್ದಾಗ ಲೆಕ್ಕ ಹೇಳಿಸಿಕೊಳ್ಳಲು ಕೂತು, ತಿಳಿಯದೆ ಮತ್ತೊಮ್ಮೆ ಕೇಳಿದ್ದೆ. "ಒಮ್ಮೆ ಹೇಳೇನಿ. ಮಾತಂದ್ರ ಮಳಿ ಏನು, ಮತ್ತ ಮತ್ತ ಬೀಳಾಕ?" ಎಂದು ಎದ್ದುಹೋದರು. ಆ ಲೆಕ್ಕ ಇಂದಿಗೂ ನನಗೆ ಬರುವುದಿಲ್ಲ.

ಅಂಥವರು ನಿವೃತ್ತರಾದರು. ತಿಂಗಳ ಕೊನೆಗೆ ಕಾರ್ಖಾನೆಯ ಕ್ವಾರ್ಟರ್ಸ್ ಬಿಡಬೇಕು. ಮನೆಯಲ್ಲಿ ಅವರು ಮತ್ತು ಅತ್ತೆ, ಇಬ್ಬರೇ. ಅತ್ತೆಗೆ ಇತ್ತೀಚೆಗೆ ಮರೆವು. ವೈದ್ಯರು ಅದಕ್ಕೊಂದು ಉದ್ದ ಹೆಸರು ಹೇಳಿದ್ದಾರೆ. ನಮಗ್ಯಾರಿಗೂ ಅದು ನೆನಪಿರುವುದಿಲ್ಲ. ಮಾವ ಸಂಜೆ ಕಟ್ಟಿಟ್ಟ ಪೆಟ್ಟಿಗೆಗಳನ್ನು ಅತ್ತೆ ಬೆಳಿಗ್ಗೆ ಬಿಚ್ಚಿ, ಚಹಾಪುಡಿ ಡಬ್ಬಿ ಹುಡುಕಿ, ಎಲ್ಲವನ್ನೂ ಕಪಾಟಿನಲ್ಲಿ ಜೋಡಿಸಿಡುತ್ತಿದ್ದರು. ಒಂದು ದಿನ ಕರಿಬೇವು ತರಲು ಹೋದವರು ಮನೆಯ ದಾರಿ ಮರೆತು ಹೊಳೆಯ ಕಡೆ ನಡೆದಿದ್ದರು. ಕಾಲೋನಿಯ ಗೇಟಿನ ಕಾವಲುಗಾರ ಗುರುತಿನವನು. "ಅಕ್ಕಾರ, ಈ ಕಡೆ ಬರ್ರಿ" ಎಂದು ಕರೆತಂದು ಬಿಟ್ಟ.

ನಮ್ಮವ್ವನ ಚಿಂತೆ ಅದೇ ಆಗಿತ್ತು. "ಹೊಸ ಊರಾಗ ವೈನಿ ತಪ್ಪಿಸ್ಕೊಂಡ್ರ ಯಾರು ತಂದು ಬಿಡ್ತಾರೋ ಅಣ್ಣಾ? ಅಗಡಿಗೆ ಬರ್ರಿ, ನಮ್ಮ ಹಿತ್ತಲ ಮನಿ ಖಾಲಿ ಐತಿ."

"ಅಗಡಿ ನನ್ನ ಲೈಫ್‌ಸ್ಟೈಲಿಗೆ ಹೊಂದಂಗಿಲ್ಲ. ನಮ್ಮ ಮಂದಿಗೇ ಲಗೂನ ಬ್ಯಾಸರಾ ಆಗತೈತಿ" ಎಂದರು ಮಾವ. ಹೆಂಡತಿ ದಾರಿ ತಪ್ಪುತ್ತಿದ್ದಾಳೆ, ಇವರಿಗೆ ಲೈಫ್‌ಸ್ಟೈಲ್! ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ, ಅವರು ನನಗಿಂತ ಹಿರಿಯರು.

ಮೊದಲ ಪರೀಕ್ಷೆ ಹಾವೇರಿಯದು. ಅತ್ತೆಯನ್ನು ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಬಿಟ್ಟು ಮಾವ ಬಂದಿಳಿದರು. ನನ್ನ ಸ್ಕೂಟಿಯ ಹಿಂದೆ ಕೂತು ಊರು ನೋಡಿದರು. ಕನ್ಯೆ ನೋಡಲು ಬಂದ ಬೀಗರ ಮುಖ ನೀವು ನೋಡಿದ್ದರೆ ಅದೇ ಮುಖ. ಹೋಟೆಲಿನಲ್ಲಿ ನೀರು ಕುಡಿದು "ಸುಮಾರು" ಎಂದರು. ರಸ್ತೆ ನೋಡಿ ಮೂಗಿಗೆ ಟವೆಲ್ಲು ಹಿಡಿದರು. ಕೊನೆಗೆ ಬಸ್ ನಿಲ್ದಾಣದ ಎದುರಿನ ಪಾತ್ರೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದರು. ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಬಸ್ಸುಗಳ ಬೋರ್ಡು ಓದಬಹುದು, ಅಷ್ಟು ಎದುರಿಗೆ. ಮಾವ ಒಳಗೆ ಹೋಗಿ ಕೇಳಿದರು:

"ತಮ್ಮಾ, ಬಸ್ ಸ್ಟ್ಯಾಂಡ್ ಯಾವ ಕಡೆ?"

"ಅಲ್ಲೇ ನೋಡ್ರಿ ಕಾಕಾ, ಎದುರಿಗೇ ಐತಲ್ಲ."

ಮಾವ ಹೊರಗೆ ಬಂದು ಕಂಬದ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಹೋದರು. "ತಮ್ಮಾ, ಬಸ್ ಸ್ಟ್ಯಾಂಡ್ ಯಾವ ಕಡೆ?"

"ಈಗರ ಹೇಳಿದ್ನೆಲ್ರಿ! ಎದುರಿಗೆ."

ಮೂರನೆಯ ಸಲ ಅವನು ಒರೆಸುತ್ತಿದ್ದ ತಂಬಿಗೆಯನ್ನು ಕೆಳಗಿಟ್ಟ. "ಕಾಕಾ, ನಿಮಗ ಬಸ್ಸು ಬೇಕಾಗೇತೋ, ನಾ ಬೇಕಾಗೇನೋ?"

ನಾಲ್ಕನೆಯ ಸಲ ಮಾವನ ಕಡೆ ನೋಡಲೇ ಇಲ್ಲ, ನನ್ನನ್ನು ನೋಡಿದ. "ತಂಗಿ, ಇವರನ್ನ ಮನಿಗೆ ಕರ್ಕೊಂಡು ಹೋಗು. ಇಂಥವರನ್ನ ಹಿಂಗ ಮಂದ್ಯಾಗ ಬಿಡಬಾರದು."

ಯಾವ ಮಾತನ್ನೂ ಎರಡು ಸಲ ಹೇಳದ ಮನುಷ್ಯ ಒಂದೇ ಮಾತನ್ನು ನಾಲ್ಕು ಸಲ ಕೇಳಿದ್ದನ್ನು ನಾನು ಅಂದು ಮೊದಲ ಸಲ ಕಂಡೆ. ತಲೆ ತಗ್ಗಿಸಿ ಸ್ಕೂಟಿ ಚಾಲೂ ಮಾಡಿದೆ. ಮಾವ ಹಿಂದೆ ಕೂತು ತೀರ್ಪು ಕೊಟ್ಟರು: "ಬ್ಯಾಸರಾ ಮಾಡ್ಕೊಂಡ. ಊರು ಬ್ಯಾಡ."

"ಒಬ್ಬ ಪಾತ್ರಿ ಅಂಗಡ್ಯಾವಾ ಬ್ಯಾಸರಾ ಮಾಡ್ಕೊಂಡ್ರ ಇಡೀ ಹಾವೇರಿ ಏನು ಮಾಡಿತ್ತು ಮಾವಾ?"

"ಅನ್ನ ಬೆಂದೈತೋ ಇಲ್ಲೋ ನೋಡಾಕ ಇಡೀ ಗಡಿಗಿ ಹಿಚುಕ್ತಾರೇನು? ಒಂದು ಅಗುಳು ಸಾಕು."

ಹಾವೇರಿಯ ಮಾನ ಉಳಿಸಲು ನಾನೇ ಅವರನ್ನು ಆ ಊರಿಗೆ ಹೆಸರು ತಂದ ಏಲಕ್ಕಿ ಹಾರದ ಅಂಗಡಿಗೆ ಕರೆದೊಯ್ದೆ. ಇನ್ನೊಂದು ಅಗುಳು! ಅಲ್ಲಿಯ ಯಜಮಾನ "ಬರ್ರಿ ಸಾಹೇಬ್ರ, ಕುಂದ್ರಿ" ಎಂದು ಕುರ್ಚಿ ಕೊಟ್ಟ. ಬಸ್ ಸ್ಟ್ಯಾಂಡ್ ಕೇಳಿದಷ್ಟು ಸಲವೂ ನಗುನಗುತ್ತ ಹೇಳಿದ. ಹೇಳಿದಷ್ಟು ಸಲವೂ ಮೊದಲಿಗಿಂತ ದೊಡ್ಡ ಹಾರ ತೆಗೆದು ಎದುರಿಗೆ ಹರಡಿದ. "ಸನ್ಮಾನ ಯಾರಿಗೈತ್ರಿ?" ಎಂದು ಕೇಳಿದ. ನಾನು ಗೆದ್ದೆ ಎಂದುಕೊಂಡೆ. ಹೊರಗೆ ಬಂದ ಮಾವ ತಲೆ ಅಲ್ಲಾಡಿಸಿದರು. "ಹಾರ ಮಾರಾಕ ನಕ್ಕಾನ. ಏನೂ ಕೊಳ್ಳಲಾರದವರು ಬಂದು ಕೇಳಿದ್ರ?"

ಹಾವೇರಿ ಹೀಗೆ ನಪಾಸಾಯಿತು. ಸಿಟ್ಟು ಮಾಡಿದ್ದಕ್ಕೂ ನಪಾಸು, ನಕ್ಕಿದ್ದಕ್ಕೂ ನಪಾಸು!

ರಾಣೆಬೆನ್ನೂರಿನಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ. ಅದಕ್ಕೆ ಪುರುಸೊತ್ತು ಬೇಕು. ಆಟೊಗಳು, ಲಾರಿಗಳು, ಚೀಲ ಹೊತ್ತವರು, ಎಲ್ಲರೂ ಎಲ್ಲಿಗೋ ತಡವಾದವರ ಹಾಗೆ ಓಡುತ್ತಿದ್ದರು. ಮಾವ ಆರಿಸಿದ್ದು ಬಿತ್ತನೆ ಬೀಜದ ಅಂಗಡಿ. ಯಜಮಾನ ಎರಡು ಕಿವಿಗೆ ಎರಡು ಫೋನು ಹಿಡಿದಿದ್ದ. ಮಾವ ಕೇಳಿದಾಗಲೆಲ್ಲ ಮುಖ ಎತ್ತದೆ, "ಸೀದಾ ಹೋಗಿ ಎಡಕ್ಕ" ಎಂದ. ಎರಡನೆಯ ಸಲವೂ ಅದೇ ದನಿ, ಮೂರನೆಯ ಸಲವೂ ಅದೇ ದನಿ. ನನಗೆ ಆ ಊರಿನ ಮೇಲೆ ಗೌರವ ಹುಟ್ಟತೊಡಗಿತು. ಕೊನೆಯ ಸಲ ಅವನು ಒಂದು ಫೋನು ಕೆಳಗಿಟ್ಟು ಕೇಳಿದ:

"ಏನು ಬೇಕಾಗಿತ್ರಿ?"

"ಬಸ್ ಸ್ಟ್ಯಾಂಡ್."

"ಅದು ಸ್ಟಾಕ್ ಇಲ್ರಿ. ಸೋಮವಾರ ಬರತೈತಿ. ಗೋವಿನಜೋಳ ಐತಿ, ಕೊಡ್ಲೇನು?"

ಚಹಾದಂಗಡಿಯಲ್ಲಿ ಕೂತು ನಾನು ವಾದ ಹೂಡಿದೆ. "ಅವಾ ಬ್ಯಾಸರಾ ಮಾಡ್ಕೊಳ್ಳಿಲ್ಲಲ್ಲ ಮಾವಾ? ಇನ್ನೇನು ಬೇಕು ನಿಮಗ? ಊರು ಆರಿಸಬೇಕಾದ್ರ ಮಂದಿ ದವಾಖಾನಿ ನೋಡ್ತಾರ, ನೀರು ನೋಡ್ತಾರ, ಬಾಡಿಗಿ ನೋಡ್ತಾರ. ನೀವು ಅಂಗಡ್ಯಾವರ ತಲಿ ತಿನ್ನಾಕತ್ತೀರಿ!"

ಮಾವ ಬಸಿಯಲ್ಲಿ ಚಹಾ ಸುರಿದುಕೊಂಡರು. "ಗುರುತು ಹಿಡಿದನೇನು ನನ್ನ? ಈಗಷ್ಟೇ ಬಂದು ಹೋದವರ ಗುರುತು ಇಲ್ಲದ ಊರಾಗ, ತಪ್ಪಿಸ್ಕೊಂಡವರನ್ನ ಯಾರು ಗುರುತು ಹಿಡಿತಾರ?"

ಚಹಾ ಆರಿದೆ ಎನ್ನುವವರಂತೆ ಹೇಳಿದರು. ನಾನು ನಿಧಾನದವಳು. ಆದರೆ ಆಗ ತಿಳಿಯಿತು. ಇವರು ತಮಗೊಂದು ಊರು ಹುಡುಕುತ್ತಿರಲಿಲ್ಲ. ಅತ್ತೆ ಬೆಳಗಿನಿಂದ ಸಂಜೆಯತನಕ ಮನೆಯಲ್ಲಿ ಕೇಳಿದ್ದನ್ನೇ ಕೇಳುವಂತೆ ಕೇಳುತ್ತ, ಅತ್ತೆ ದಾರಿ ತಪ್ಪಿ ಹೋಗಿ ನಿಲ್ಲಬಹುದಾದ ಅಂಗಡಿಗಳ ಮುಂದೆ ಮುಂಚಿತವಾಗಿ ತಾವೇ ಹೋಗಿ ನಿಲ್ಲುತ್ತಿದ್ದರು. ಉಳಿದದ್ದು ಒಂದೇ ಊರು. ತಿಂಗಳು ಮುಗಿಯಲು ಬಂದಿತ್ತು.

ಬ್ಯಾಡಗಿ ಬಂತೆಂದು ಹೇಳಲು ಕಂಡಕ್ಟರ್ ಬೇಕಿಲ್ಲ, ಮೆಣಸಿನಕಾಯಿಯ ಘಾಟಿಗೆ ಮೂಗೇ ಹೇಳುತ್ತದೆ. ಬಸ್ಸಿನಲ್ಲಿ ಮೊದಲು ಸೀನಿದವರು ಮಾವ. ಆಮೇಲೂ ಅವರೇ. ಊರಿನವರು ಆರಾಮವಾಗಿ ಉಸಿರಾಡುತ್ತಿದ್ದರು. ನಮ್ಮ ಲೈಫ್‌ಸ್ಟೈಲ್ ಸಾಹೇಬರು ಟವೆಲ್ಲಿನೊಳಗೆ ಮುಖ ಹುದುಗಿಸಿದ್ದರು. ಈ ಸಲ ಅತ್ತೆಯೂ ಜೊತೆಗಿದ್ದರು. ಪಕ್ಕದ ಮನೆಯವರು ಕ್ವಾರ್ಟರ್ಸ್ ಖಾಲಿ ಮಾಡಿದ್ದರಿಂದ ಬಿಟ್ಟು ಬರಲು ಮನೆ ಇರಲಿಲ್ಲ. "ಯಾವ ಊರಿಗೆ ಬಂದೇವಿ?" ಎಂದು ಅತ್ತೆ ಕೇಳುತ್ತಿದ್ದರು, ಮಾವ ಸೀನಿನ ನಡುವೆ "ಬ್ಯಾಡಗಿ" ಎನ್ನುತ್ತಿದ್ದರು.

ಒಂದು ಓಣಿಯ ತಗಡಿನ ಚಾವಣಿಯ ಕೆಳಗೆ ಹೆಂಗಸರು ಗುಂಪಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಎದುರಿಗೆ ಕೆಂಪು ರಾಶಿ. ಮಾವ ಅತ್ತೆಯ ಕೈಯನ್ನು ನನ್ನ ಕೈಗೆ ಕೊಟ್ಟು ಹೋಗಿ ಕೇಳಿದರು. ಎಲೆಅಡಿಕೆ ಹಾಕಿಕೊಂಡಿದ್ದ ಹಿರಿಯಳು ಉತ್ತರ ಕೊಟ್ಟಳು. "ಬೇವಿನ ಗಿಡದ ಕಡೆ ಬಲಕ್ಕ ಹೊಳ್ರಿ ಯಪ್ಪಾ." ಮಾವ ಸೀನಿದರು, ತಿರುಗಿ ಬಂದರು, ಮತ್ತೆ ಹೋದರು. ಮೂರನೆಯ ಸಲಕ್ಕೆ ಒಬ್ಬ ಹುಡುಗಿ ಕಿಸಕ್ಕೆಂದಳು.

"ಯಾಕ್ರೀ ಯಜಮಾನ್ರ, ನಮ್ಮ ಮಾರಿ ನೋಡಾಕ ಬಸ್ ಸ್ಟ್ಯಾಂಡ್ ನೆವಾ ಮಾಡ್ಕೊಂಡೀರೇನು?"

"ಹೆಂಡ್ತೀನ ಬೆನ್ನಿಗೆ ನಿಲ್ಲಿಸಿಕೊಂಡು ಬಂದಾರವ್ವಾ, ಇವರ ಧೈರ್ಯ ನೋಡು!" ಎಂದಳು ಇನ್ನೊಬ್ಬಳು. ಚಾವಣಿ ಹಾರಿಹೋಗುವಷ್ಟು ನಗೆ. ಮಾವ ಕೆಂಪಾದರು, ನಾಚಿಕೆಯೋ ಘಾಟೋ ಹೇಳಲಾರೆ.

ಅವರಿಗೆ ಕರವಸ್ತ್ರ ಕೊಡಲೆಂದು ನಾನು ಚೀಲದಲ್ಲಿ ಕೈಯಾಡಿಸಿದೆ. ಅಷ್ಟರಲ್ಲಿ ಅತ್ತೆ ನನ್ನ ಕೈ ಬಿಡಿಸಿಕೊಂಡು ನೇರವಾಗಿ ಆ ಹೆಂಗಸರ ಬಳಿ ಹೋಗಿ ನಿಂತರು. "ಯವ್ವಾ, ಬಸ್ ಸ್ಟ್ಯಾಂಡ್ ಯಾವ ಕಡೆರೀ?"

"ಅಯ್ಯ, ಇಬ್ಬರೂ ಕೂಡೇ ಕಲ್ತು ಬಂದಾರ!" ಎಂದು ಹುಡುಗಿ ನಕ್ಕಳು. ಹಿರಿಯಳು ಬೇವಿನ ಗಿಡ ತೋರಿಸಿದಳು. ಅತ್ತೆ ತಲೆಯಾಡಿಸಿ ನಾಲ್ಕು ಹೆಜ್ಜೆ ಬಂದು, ನಿಂತು, ಸೆರಗಿನ ಅಂಚನ್ನು ನೋಡಿಕೊಂಡು, ತಿರುಗಿ ಹೋದರು. ಅದೇ ವಿನಯ, ಅದೇ ದನಿ. "ಯವ್ವಾ, ಬಸ್ ಸ್ಟ್ಯಾಂಡ್ ಯಾವ ಕಡೆರೀ?"

ಈಗ ಯಾರೂ ನಗಲಿಲ್ಲ. ಹಿರಿಯಳು ಅತ್ತೆಯ ಮುಖವನ್ನು ನೋಡಿದಳು, ಆಮೇಲೆ ಮಾವನ ಮುಖವನ್ನು ನೋಡಿದಳು. ಕೈ ಝಾಡಿಸಿ ಪಕ್ಕದಲ್ಲಿ ಒಂದು ಖಾಲಿ ಚೀಲ ಹಾಸಿದಳು.

"ಬಸ್ ಸ್ಟ್ಯಾಂಡ್ ಎಲ್ಲಿಗೂ ಹೋಗೂದಿಲ್ಲ ತಂಗಿ, ಅಲ್ಲೇ ಇರತೈತಿ. ನೀ ಕುಂದರ. ನಿನಗ ಹೋಗಬೇಕನಿಸಿದಾಗ ನಾ ಕರ್ಕೊಂಡು ಹೋಗ್ತೇನಿ."

ಅತ್ತೆ ಕೂತರು. ಯಾರೋ ನೀರು ಕೊಟ್ಟರು. ನೀರು ಕುಡಿದು ಅತ್ತೆ ಮತ್ತೆ ಕೇಳಿದರು. ಈ ಸಲ ಉತ್ತರ ಕೊಟ್ಟದ್ದು ಆ ನಗುವ ಹುಡುಗಿ. "ಬೇವಿನ ಗಿಡದ ಕಡೆ ಬಲಕ್ಕ ಹೊಳ್ಳೂದ್ರಿ ಅತ್ತೆರ" ಎಂದಳು, ಯಾರೂ ಇನ್ನೂ ಕೇಳಿರದ ಪ್ರಶ್ನೆಗೆ ಹೇಳುವ ಹಾಗೆ. ಬೆಳಗಿನಿಂದ ಸೀನುತ್ತಿದ್ದ ಮಾವ ಅಷ್ಟು ಹೊತ್ತು ಒಂದು ಸಲವೂ ಸೀನಲಿಲ್ಲ.

ಹೊರಡುವಾಗ ಹಿರಿಯಳು ಬೇವಿನ ಗಿಡದವರೆಗೂ ಬಂದಳು. ಹತ್ತಿರದಲ್ಲಿ ಬಾಡಿಗೆ ಮನೆ ಇದೆಯೇ ಎಂದು ಮಾವ ಅವಳನ್ನು ಕೇಳಿದರು. ಒಂದೇ ಸಲ ಕೇಳಿದರು.

"ಈ ಊರಾಗ ಸೈರನ್ ಇಲ್ಲ ಮಾವಾ. ನಿಮ್ಮ ಲೈಫ್‌ಸ್ಟೈಲ್ ಗತಿ?" ಎಂದೆ ನಾನು.

"ಸೀನು ಬಂದಾಗ ಉಂಡ್ರಾತು" ಎಂದರು.

ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಅತ್ತೆಯನ್ನು ನಡುವೆ ಕೂರಿಸಿಕೊಂಡು ಬಸ್ಸಿಗೆ ಕಾದೆವು. ಮಾವ ಮೆಲ್ಲಗೆ ಹೇಳಿದರು: "ನಾ ಎಂಥಾವ ಅಂತ ನಿನಗ ಗೊತ್ತೈತಲ್ಲ. ನಂಗ ಒಂದಿನ ಬ್ಯಾಸರಾ ಬಂತಂದ್ರ, ಅಕಿ ಹೊಸ್ತಿಲಾ ದಾಟಿ ಹೋಗೂದು ಊರ ಕಡೇನ. ಆವತ್ತು ಊರು ಬ್ಯಾಸರಾ ಮಾಡ್ಕೋಬಾರದು."

ಅತ್ತೆ ನಮ್ಮಿಬ್ಬರ ಮುಖ ನೋಡಿ ಕೇಳಿದರು: "ಬಸ್ ಸ್ಟ್ಯಾಂಡ್ ಯಾವ ಕಡೆರೀ?"

"ಇಲ್ಲೇ ಐತಿ" ಎಂದರು ಮಾವ. "ಬಂದು ಮುಟ್ಟೇವಿ."

ಅತ್ತೆ ಸಮಾಧಾನದಿಂದ ಸೆರಗು ಸರಿಮಾಡಿಕೊಂಡರು. ಒಂದು ಬಸ್ಸು ಬಂದು ಹೋಯಿತು, ನಮ್ಮದಲ್ಲ. ಅದರ ಧೂಳು ಇಳಿಯುವ ಮೊದಲೇ ಅತ್ತೆ ಮತ್ತೆ ಕೇಳಿದರು. ಯಾವ ಮಾತನ್ನೂ ಎರಡನೆಯ ಸಲ ಹೇಳದ ನಮ್ಮ ಮಾವ, ಆಗಷ್ಟೇ ಕೇಳಿಸಿಕೊಂಡವರಂತೆ ಅವರ ಕಡೆ ಪೂರ್ತಿ ತಿರುಗಿ ಕೂತರು.

"ಇಲ್ಲೇ ಐತಿ. ಬಂದು ಮುಟ್ಟೇವಿ."