ನಾಲ್ಕನೇ ನಂಬರಿನ ಬಿರಡೆ

ಹೂಂ, ಅದೇ ಮತ್ತೆ, ಟೇಲರ್ ಮಾವ ಒಂದ್ಸಲ ಶಪಥ ಮಾಡಿದ್ರೆ ಮುಗೀತು ಅಂತಿದ್ನಲ್ಲ, ಈ ಬಚ್ಚಲ ಶಪಥದ ಮುಂದೆ ಮಿಕ್ಕಿದ್ದೆಲ್ಲ ಏನೂ ಅಲ್ಲ ಬಿಡಿ. (ಬೀದಿಗೆಲ್ಲ ಅವರು ಮಾವ, ಅವರ ಹೆಂಡ್ತಿ ಅತ್ತೆ. ನಿಜವಾದ ಹೆಸರು ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತು.)

ಹೋದ ವರ್ಷ ಏನಾಗಿತ್ತು ಅಂದ್ರೆ, ಮನೆ ಕೊಳಚೆ ನೀರು ಮರ್ಯಾದೆಯಾಗಿ ಹೊರಗೆ ಹೋಗೋದು ಬಿಟ್ಟು ವಾಪಸ್ ಬಂದ್ಬಿಟ್ಟಿತ್ತು. ಬಚ್ಚಲ ತೂತಿಂದ ಎದ್ದು, ಹೊಸ್ತಿಲು ದಾಟಿ, ಸೀದಾ ಪಕ್ಕದ ಹೊಲಿಗೆ ಕೋಣೆಗೆ. ಆ ಕೋಣೆ ಮೊದಲೇ ತಗ್ಗು. ನೆಲದ ಮೇಲೆ ಮಡಿಸಿಟ್ಟಿದ್ದ ಬ್ಯಾಂಡ್ ಸೆಟ್ಟಿನವರ ಹನ್ನೆರಡು ಕೆಂಪು ಕೋಟು ಒಂದೇ ಏಟಿಗೆ ನೀರುಪಾಲು. ಆವತ್ತಿಂದ ಬ್ಯಾಂಡಿನವರು ಬೀದಿ ತುಂಬಾ ಊದ್ಕೊಂಡು ಬಂದು, ಮಾವನ ಬಾಗಿಲ ಮುಂದೆ ಮಾತ್ರ ಊದೋದು ನಿಲ್ಲಿಸಿ, ಸುಮ್ನೆ ನಡ್ಕೊಂಡು ಹೋಗ್ತಾರೆ. ಅವಮಾನ ಅಂದ್ರೆ ಅದು.

ಈ ಸಲ ಅದೇ ಕೋಣೇಲಿ ಇದ್ದದ್ದು ಆಸ್ಪತ್ರೆ ನರ್ಸ್‌ಗಳ ನಲವತ್ತು ಜೊತೆ ಯೂನಿಫಾರ್ಮು. ಹಾಲಿನಂಥ ಬಿಳಿ. ಸೋಮವಾರ ಬೆಳಿಗ್ಗೆ ಕೊಡಬೇಕು. ಇದೂ ಹಾಳಾದ್ರೆ ಮುಂದೆ ಯಾರೂ ಒಂದು ಕರ್ಚೀಫಿನ ಅಂಚು ಮಡಿಸೋಕೂ ಕೊಡಲ್ಲ ಅಂತ ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಸೋಮವಾರಕ್ಕೆ ಒಂದು ವಾರ ಇರೋವಾಗಲೇ, ಬಚ್ಚಲಿಂದ ಇನ್ನೊಂದು ತೊಟ್ಟೂ ಮೇಲೆ ಬರೋಕೆ ಬಿಡಲ್ಲ ಅಂತ ಮಾವ ಶಪಥ ಮಾಡಿದ್ರು, ಮೋರಿ ಸಂರಕ್ಷಣಾ ಮಹಾಭಿಯಾನ ಶುರು ಆಯ್ತು. ಸಿಂಕಿಗೆ ಎಣ್ಣೆ ಸುರೀಬಾರದು, ಬಾಣಲೆನ ಮೊದಲು ಪೇಪರಲ್ಲಿ ಒರೆಸ್ಬೇಕು. ಟೀ ಚರಟ, ಅನ್ನದ ಅಗುಳು, ತಲೆಗೂದಲು ಒಂದೂ ಪೈಪಿಗೆ ಹೋಗಬಾರದು.

"ಹಾಗಾದ್ರೆ ಪೈಪಿಗೆ ಏನು ಹೋಗಬಹುದು ಅಂತ ಹೇಳಿ, ಬರ್ಕೋತೀನಿ," ಅಂದ್ರು ಅತ್ತೆ.

"ನೀರು."

"ಎಂಥಾ ನೀರು? ಕಾಯಿಸಿ ಆರಿಸಿದ್ದಾ?"

ಮಾವನ ತಲೇಲಿ ಆಗ್ಲೇ ದೊಡ್ಡ ಯೋಜನೆ ಓಡ್ತಿತ್ತು. ನೀರು ಬರೋದು ತೂತಿಂದ ತಾನೇ? ತೂತನ್ನೇ ಮುಚ್ಚಿಬಿಟ್ರೆ? ಅಳತೆ ಟೇಪು ಹಿಡ್ಕೊಂಡು ಮನೆಯ ತೂತೆಲ್ಲ ಅಳೆದ್ರು. ಬಚ್ಚಲ ಮುಂದೆ ಮಂಡಿಯೂರಿ, ಗಿರಾಕಿಗೆ ಹೇಳೋ ಹಾಗೆ "ಸ್ವಲ್ಪ ಲೂಸ್ ಇರ್ಲಾ, ಟೈಟ್ ಇರ್ಲಾ?" ಅಂತ ಗೊಣಗಿದ್ದನ್ನ ಅತ್ತೆ ಕಿವಿಯಾರೆ ಕೇಳಿದ್ದಾರೆ. ಆಮೇಲೆ ಹೊಸ ಕಾಟನ್ ಬಟ್ಟೆ ಕತ್ತರಿಸಿ, ಒಳಗೆ ಚಿಂದಿ ತುಂಬಿ, ಡಬಲ್ ಹೊಲಿಗೆ ಹಾಕಿ ನಾಲ್ಕು ಬಿರಡೆ ತಯಾರಾದ್ವು. ಒಂದೊಂದಕ್ಕೂ ನಂಬರ್ರು. ಅಭ್ಯಾಸಬಲ ನೋಡಿ, ಒಂದೊಂದಕ್ಕೂ ಅಂಗಡಿಯ ಲೇಬಲ್ಲು ಬೇರೆ: "ಅಳತೆ ತಪ್ಪದ ಹೊಲಿಗೆ".

ನಾಲ್ಕನೇದು ಬಚ್ಚಲಿಗೆ. ಅಲ್ಲಿದ್ದ ಜಾಲರಿ ಕಿತ್ತು ಬಿರಡೆ ಇಟ್ರು. ಸ್ನಾನಕ್ಕೆ ತೆಗೀಬೇಕು, ಆದ ತಕ್ಷಣ ಮುಚ್ಚಬೇಕು.

"ರೀ, ಅದಕ್ಕೊಂದು ದಾರ ಕಟ್ಟಿ, ನಲ್ಲಿಗೆ ಗಂಟು ಹಾಕಿ. ಒಳಗೆ ಜಾರಿಬಿಟ್ರೆ?"

"ಟೇಲರ್‌ಗೇ ದಾರದ ಪಾಠ ಹೇಳ್ತೀಯಾ? ಹೋಗು, ಬಾಣಲೆ ಒರೆಸು."

ಶುಕ್ರವಾರ ನೋಡಿದ್ರೆ ನಾಲ್ಕನೇ ನಂಬರ್ ನಾಪತ್ತೆ.

"ಎಲ್ಲಿಟ್ಟೆ?"

"ನಾನ್ಯಾಕೆ ಮುಟ್ಲಿ ಅದನ್ನ? ದಿಂಬು ಮಾಡ್ಕೊಳ್ಳೋಕಾ?"

"ಒಗೆದು ಒಣಗೋಕೆ ಹಾಕಿರ್ತೀಯ."

"ನಿಮ್ಮ ಬಿರಡೆ ಒಗೆಯೋ ಪುಣ್ಯ ಇನ್ನೂ ಬಂದಿಲ್ಲ ನನಗೆ."

ಶನಿವಾರ ಅತ್ತೆ ಸಿಂಕಲ್ಲಿ ನೀರು ಬಿಟ್ಟಾಗ ಆ ಕಡೆ ಬಚ್ಚಲು ಗುಳುಗುಳು ಅಂತು. ಸ್ನಾನದ ನೀರು ಹೋಗೋಕೆ ಮೀನಮೇಷ ಎಣಿಸ್ತು. ಕಕ್ಕಸಿನ ನೀರು ಮೇಲೆ ಬಂದು, ಯೋಚನೆ ಮಾಡಿ, ಕೆಳಗೆ ಹೋಯ್ತು. ವಾಸನೆ ಅಂತೂ ಕೇಳ್ಬೇಡಿ.

"ರೀ, ಹೋದ ವರ್ಷ ಪ್ಲಂಬರ್ ಏನು ಹೇಳಿದ್ದ ನೆನಪಿದ್ಯಾ? ಒಂದೇ ತೂತು ನಿಧಾನ ಆದ್ರೆ ಅಲ್ಲೇ ಹತ್ರ ಕಟ್ಟಿದೆ. ಎಲ್ಲಾ ಒಟ್ಟಿಗೆ ಗುಳುಗುಳು ಅಂದ್ರೆ ದೊಡ್ಡ ಪೈಪೇ ಕಟ್ಟಿದೆ, ತಕ್ಷಣ ನೀರು ಬಳಸೋದು ನಿಲ್ಸಿ ಅಂದಿದ್ದ."

"ನಿನ್ನ ಬಾಣಲೆ ಎಣ್ಣೆ ಅದು. ಊರಿಗೆ ಬಿದ್ದ ಬೆಂಕಿ ಒಲೆಯಿಂದಾನೇ ಹೊರಟಿದ್ದು."

ಅತ್ತೆ ಮತ್ತೆ ಮಾತಾಡ್ಲಿಲ್ಲ. (ಅವರು ಮಾತಾಡದೆ ಇದ್ರೆ ಏನೋ ಕೆಲಸ ನಡೀತಿದೆ ಅಂತ ಅರ್ಥ. ಮೂವತ್ತು ವರ್ಷ ಸಂಸಾರ ಮಾಡಿದ ಮಾವನಿಗೆ ಇಷ್ಟು ಗೊತ್ತಿರಬೇಕಿತ್ತು.)

ಭಾನುವಾರ ಮಧ್ಯಾಹ್ನ ಮಾವ ತೀರ್ಮಾನ ಮಾಡಿದ್ರು, ಇವತ್ತು ಪರೀಕ್ಷೆ ಆಗೇಬಿಡ್ಲಿ. ಅತ್ತೆ ಬೇಡ ಬೇಡ ಅಂತಿದ್ದ ಹಾಗೇ ವಾಷಿಂಗ್ ಮಷೀನಿನ ಗುಂಡಿ ಒತ್ತಿದ್ರು. "ಒಂದು ತೊಟ್ಟು ಮೇಲೆ ಬಂದ್ರೆ ನನ್ನ ಕತ್ತರಿ ನಿನಗೇ ಕೊಡ್ತೀನಿ."

ಮಷೀನು ಬುಸ್ ಅಂತ ನೀರು ಬಿಡ್ತು. ಒಂದು ತೊಟ್ಟು ಬರ್ಲಿಲ್ಲ ಸ್ವಾಮಿ, ಬಂದಿದ್ದು ಕೆರೆ. ನೊರೆ ಸಮೇತ ಬಚ್ಚಲಿಂದ ಎದ್ದು ಹೊಸ್ತಿಲ ಕಡೆ ಹೊರಟಿತು. ಅತ್ತೆ ಮಷೀನು ಆಫ್ ಮಾಡಿ ಪ್ಲಂಬರ್‌ಗೆ ಫೋನ್ ಹಚ್ಚಿದ್ರು. ಮಾವ ಪಂಚೆ ಎತ್ತಿ ಕಟ್ಟಿ ಕೋಣೆಗೆ ಓಡಿ ನೋಡ್ತಾರೆ, ನೆಲ ಖಾಲಿ. ನಲವತ್ತೂ ಇಲ್ಲ. ಕಾಲು ನೀರಲ್ಲಿ, ಜೀವ ಬಾಯಲ್ಲಿ.

"ಹೋಯ್ತು ಕಣೇ, ಎಲ್ಲಾ ಹೋಯ್ತು," ಅಂತ ಹೊಲಿಗೆ ಮಷೀನಿನ ಮೇಲೆ ತಲೆ ಇಟ್ಬಿಟ್ರು.

"ಮೇಲೆ ನೋಡಿ," ಅಂದ್ರು ಅತ್ತೆ.

ಅಟ್ಟದ ಮೇಲೆ, ಹಾಸಿಗೆ ಚಾದರದಲ್ಲಿ ಕಟ್ಟಿದ ನಾಲ್ಕು ಗಂಟು. ನಿನ್ನೆ ಬಚ್ಚಲು ಗುಳುಗುಳು ಅಂದ ಅರ್ಧ ಗಂಟೇಲೇ ಸಾಗಿಸಿದ್ರಂತೆ.

ಆಮೇಲೆ ಪ್ಲಂಬರ್ ಬಂದ. ಅಂಗಳದ ಚೇಂಬರ್ ಮುಚ್ಚಳ ಎತ್ತಿ, ಉದ್ದನೆ ಸ್ಪ್ರಿಂಗು ಬಿಟ್ಟು ತಿರುಗಿಸಿ ತಿರುಗಿಸಿ ಎಳೆದ. ಮಾವ ಸೊಂಟದ ಮೇಲೆ ಕೈ ಇಟ್ಟು, "ಎಣ್ಣೆ ಗಡ್ಡೆ ತಾನೇ? ನಮ್ಮನೆಯವಳಿಗೆ ತೋರ್ಸಪ್ಪ," ಅಂದ್ರು.

ಹೊರಗೆ ಬಂದಿದ್ದು ಇಲಿಯಂಥ ಒಂದು ಮುದ್ದೆ. ಪ್ಲಂಬರ್ ಅದನ್ನ ಬಕೆಟ್ಟಲ್ಲಿ ಜಾಲಿಸಿ, ತಿರುಗಿಸಿ, ನಿಧಾನಕ್ಕೆ ಓದಿದ. "ಅಳತೆ... ತಪ್ಪದ... ಹೊಲಿಗೆ. ಅಂಗಡಿ ನಿಮ್ಮದೇ ಅಲ್ವಾ ಸಾರ್?"

ಮಾವ ಆಕಾಶ ನೋಡಿದ್ರು.

"ಒಳ್ಳೆ ಹೊಲಿಗೆ ಸಾರ್, ಒಂದು ಎಳೇನೂ ಬಿಚ್ಚಿಲ್ಲ," ಅಂದ ಪ್ಲಂಬರ್, ಹೊಗಳಿಕೆ ಅಂದ್ಕೊಂಡೇ. "ಆದ್ರೆ ತೂತು ಮುಚ್ಚೋದಲ್ಲ ಉಪಾಯ. ಜಾಲರಿ ಇರ್ಲಿ, ತಿಂಗಳಿಗೊಂದ್ಸಲ ಚೇಂಬರ್ ತೆಗೆದು ನೋಡಿ. ದೊಡ್ಡ ಪೈಪಿಗೆ ಒಂದು ವಾಲ್ವ್ ಹಾಕ್ತೀನಿ, ನೀರು ಹೊರಗೆ ಹೋಗುತ್ತೆ, ಒಳಗೆ ಬರಲ್ಲ."

"ಆದ್ರೂ ಅದು ಹೇಗೆ ಜಾರ್ತು? ಸರಿಯಾಗಿ ಅಳೆದಿದ್ನಲ್ಲ," ಅಂತ ಮಾವ ತಮ್ಮಷ್ಟಕ್ಕೆ ತಾವೇ ಅಂದ್ರು.

ಅತ್ತೆ ಬಿರಡೇನ ಎರಡು ಬೆರಳಲ್ಲಿ ಎತ್ತಿ ಹಿಡಿದ್ರು. "ಹೊಸ ಕಾಟನ್ನು, ಒಂದ್ಸಲ ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿಸ್ಬಾರದು, ಕುಗ್ಗುತ್ತೆ. ದಿನಕ್ಕೆ ಹತ್ತು ಗಿರಾಕಿಗೆ ಯಾರೋ ಈ ಭಾಷಣ ಬಿಗೀತಾರಲ್ಲ, ಯಾರ್ರೀ ಅವರು?"

ಮಾವ ತೆಪ್ಪಗೆ ಒಳಗೆ ಹೋಗಿ ಕತ್ತರಿ ತಂದು ಅತ್ತೆ ಕೈಗೆ ಕೊಟ್ರು. ಮಾತು ಅಂದ್ರೆ ಮಾತು.

ಸೋಮವಾರ ನಲವತ್ತೂ ಬೆಳ್ಳಗೆ ಆಸ್ಪತ್ರೆಗೆ ಹೋದ್ವು. ಈಗ ಬಟ್ಟೆ ಕತ್ತರಿಸೋದು ಅತ್ತೆ, ಗುಂಡಿ ಹಚ್ಚೋದು ಮಾವ. ತಿಂಗಳ ಮೊದಲ ಭಾನುವಾರ ಚೇಂಬರ್ ಮುಚ್ಚಳ ಎತ್ತೋದೂ ಮಾವನೇ, ಅತ್ತೆ ಕುರ್ಚಿ ಹಾಕ್ಕೊಂಡು ನೋಡ್ತಾರೆ. ನೀವೂ ಒಂದ್ಸಲ ಹೋಗಿ ಬನ್ನಿ, ಬ್ಯಾಂಡಿನವರು ಎಲ್ಲಿ ಊದೋದು ನಿಲ್ಸಿದ್ರೋ ಅದೇ ಮನೆ. ಹೊಲಿಸೋಕೆ ಬಟ್ಟೆ ತಗೊಂಡ್ಹೋಗಿ, ನಿಮ್ಮನೆ ಬಚ್ಚಲು ಗುಳುಗುಳು ಅಂತಿದ್ರೆ ಅದನ್ನೂ ಅತ್ತೆ ಹತ್ರ ಹೇಳಿ. ಬಾಗಿಲಲ್ಲಿ ತೊಳೆದು ನೇತುಹಾಕಿರೋ ನಾಲ್ಕನೇ ನಂಬರಿನ ಬಗ್ಗೆ ಮಾತ್ರ ಮಾವನ್ನ ಕೇಳ್ಬೇಡಿ. ಅಥವಾ ಕೇಳಿ, ಅತ್ತೆ ಮುಂದೆ ಕೇಳಿ.