ಹತ್ತು ಟನ್ ನಂಬಿಕೆ

ನಮ್ಮ ಚಿಕ್ಕಪ್ಪ ಈ ಜೀವಮಾನದಲ್ಲಿ ಪೂರ್ತಿಯಾಗಿ ನಂಬಿದ್ದು ಒಂದನ್ನೇ. ಅದರ ತೂಕ ಹತ್ತು ಟನ್!

ಹಾಗಾದರೆ ಹೆಂಡತಿಯನ್ನು ನಂಬಲಿಲ್ಲವೇ ಎಂದು ಕೇಳಬೇಡಿ. ಸರ್ಕಾರಿ ಕಚೇರಿಗಳ ಲೆಕ್ಕ ತಪಾಸಣೆ ಮಾಡಿಯೇ ನಿವೃತ್ತರಾದ ಮನುಷ್ಯ. ಎಲ್ಲವೂ ಸರಿಯಾಗಿ ಕಾಣುತ್ತಿದೆ ಎಂದರೆ ಅಲ್ಲೇ ಏನೋ ಇದೆ ಎನ್ನುವುದು ಅವರ ಕಸುಬು. ತೆಂಗಿನಕಾಯಿಯನ್ನು ಬಲಗಿವಿಯ ಹತ್ತಿರ ಅಲ್ಲಾಡಿಸಿ, ಆ ಕಿವಿಯ ಮೇಲೇ ಅನುಮಾನ ಬಂದು ಎಡಗಿವಿಯ ಹತ್ತಿರವೂ ಅಲ್ಲಾಡಿಸುತ್ತಾರೆ. ಡಾಕ್ಟರು ಬಿ.ಪಿ. ನಾರ್ಮಲ್ ಎಂದರೆ, "ನಿಮ್ಮ ಮಿಷನ್ ಯಾವಾಗ ಚೆಕ್ ಮಾಡಿಸಿದ್ರಿ ಡಾಕ್ಟ್ರೇ?" ಎನ್ನುತ್ತಾರೆ. ಗೋವಿಂದರಾಜನಗರದ ಮನೆಗೆ ಬೀಗ ಹಾಕಿ, ಬೀದಿಯ ತುದಿಯವರೆಗೆ ಹೋಗಿ, ವಾಪಸ್ಸು ಬಂದು ಬೀಗವನ್ನು ಜಗ್ಗಿ ನೋಡುತ್ತಾರೆ. ಹೀಗೆ ಜಗ್ಗಿ ಜಗ್ಗಿ ಒಂದು ದಿನ ಚಿಲಕವೇ ಕೈಗೆ ಬಂತು. ಆ ಬೀದಿಯಲ್ಲಿ ಇದುವರೆಗೆ ಯಾರಾದರೂ ಬಾಗಿಲು ಮುರಿದಿದ್ದರೆ ಅದು ನಮ್ಮ ಚಿಕ್ಕಪ್ಪ. ಅದೂ ತಮ್ಮ ಮನೆಯದನ್ನೇ!

ಅವರ ನಡಿಗೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಚಿಕ್ಕಪ್ಪ ಯಾವಾಗಲೂ ಹೆಂಡತಿಗಿಂತ ಮುಂದೆ. ಮದುವೆಯ ದಿನ ಮಂಟಪದಿಂದ ಹೊರಟವರು ಇನ್ನೂ ಹಾಗೆಯೇ ಮುಂದೆ ಮುಂದೆ ಹೋಗುತ್ತಿದ್ದಾರೆ. ಹಿಂದೆ ಮೊಣಕಾಲು ನೋವಿನ ಚಿಕ್ಕಮ್ಮ, ಅವರ ಕೈಯಲ್ಲಿ ಚೀಲ. ಮಾತು ಹಿಂದಕ್ಕೆ ಬರುತ್ತದೆ, ಕತ್ತು ಮಾತ್ರ ತಿರುಗುವುದಿಲ್ಲ. ಒಮ್ಮೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಹೀಗೆ ಬದನೆಕಾಯಿಯ ವಿಷಯವಾಗಿ ಬೈಯುತ್ತಾ ಹೋದವರು, ಉತ್ತರ ಬರಲಿಲ್ಲವಲ್ಲ ಎಂದು ತಿರುಗಿ ನೋಡಿದರೆ ಯಾರೋ ಅಪರಿಚಿತ ಹೆಂಗಸು ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ.

"ಸಾರ್, ನಾನು ಬದನೆಕಾಯಿ ತಗೊಂಡೇ ಇಲ್ಲ" ಎಂದರಂತೆ ಆಕೆ.

ಚಿಕ್ಕಮ್ಮ ಎರಡು ಅಂಗಡಿ ಹಿಂದೆ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದರು. ಇದು ಚಿಕ್ಕಮ್ಮ ಹೇಳಿದ್ದು. ಚಿಕ್ಕಪ್ಪನ ಪ್ರಕಾರ ಅದು ಬದನೆಕಾಯಿಯಲ್ಲ, ಹೀರೇಕಾಯಿ. ಆದ್ದರಿಂದ ಘಟನೆಯೇ ನಡೆದಿಲ್ಲ! ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಣ್ಣಾರೆ ಕಂಡೆ ಎನ್ನುವವರನ್ನೇ ಮೊದಲು ಅನುಮಾನಿಸಬೇಕೆಂದು ಅಲ್ಲಿ ಕಲಿಸಿದ್ದರು. ಕಣ್ಣಾರೆ ಕಂಡವಳು ನಾನೇ ಆದಾಗ ತಾಪತ್ರಯ ಇನ್ನೂ ಹೆಚ್ಚು. ದಿನಚರಿ ಬರೆಯುತ್ತೇನೆ, ಬರೆದದ್ದನ್ನೂ ಪೂರ್ತಿ ನಂಬುವುದಿಲ್ಲ. ಅನುಮಾನ ನಮ್ಮ ವಂಶದಲ್ಲೇ ಹರಿದು ಬಂದಿರಬೇಕು.

ಇಂಥ ಚಿಕ್ಕಪ್ಪ ಹೋದ ಬೇಸಿಗೆಯಲ್ಲಿ ಕೆಂಗೇರಿಯ ಕಲ್ಯಾಣ ಮಂಟಪವೊಂದಕ್ಕೆ ಮದುವೆಗೆ ಹೋದರು. ಮುಹೂರ್ತದ ಹೊತ್ತಿಗೆ ನಾಪತ್ತೆ! ಕೈಯಲ್ಲಿ ಅಕ್ಷತೆ ಹಿಡಿದುಕೊಂಡು ಚಿಕ್ಕಮ್ಮ ನನ್ನನ್ನು ಹುಡುಕಲು ಕಳಿಸಿದರು. ಮಂಟಪದ ಹಿಂದೆ ರಸ್ತೆ ಕಂಟ್ರಾಕ್ಟರೊಬ್ಬನ ಹಳೇ ಜಾಗ. ಅದನ್ನು ಖಾಲಿ ಮಾಡುತ್ತಿದ್ದರು. ಅಲ್ಲಿ ಒಂದು ಮುದಿ ರೋಡ್ ರೋಲರ್ ನಿಂತಿತ್ತು. ಕಬ್ಬಿಣದ ಸೀಟಿನ ತೂತುಗಳಿಂದ ಹುಲ್ಲು ಎದ್ದಿತ್ತು. ಮುಂದಿನ ಉರುಳೆಯ ಮೇಲೆ ನಾಯಿ ಮಲಗಿತ್ತು. ಗುಜರಿಯವರು ಅದನ್ನು ತುಂಡು ಮಾಡಲು ಗ್ಯಾಸ್ ಕಟರ್ ಹೊಂದಿಸಿಕೊಳ್ಳುತ್ತಿದ್ದರು. ರೇಷ್ಮೆ ಪಂಚೆಯುಟ್ಟ ನಮ್ಮ ಚಿಕ್ಕಪ್ಪ ಅವರಿಗೂ ರೋಲರಿಗೂ ನಡುವೆ ಎರಡೂ ಕೈ ಅಗಲಿಸಿ ನಿಂತಿದ್ದರು!

"ಇಲ್ಲಿ ಬಾ. ಇದನ್ನ ಕೇಳು" ಎಂದು ನನ್ನನ್ನು ಕರೆದು, ಬಿದ್ದಿದ್ದ ಸ್ಪ್ಯಾನರಿನಿಂದ ಉರುಳೆಗೆ ಹೊಡೆದರು. ದೇವಸ್ಥಾನದ ದೊಡ್ಡ ಗಂಟೆ ದೂರದಲ್ಲಿ ಹೊಡೆದಂತೆ ಕೇಳಿತು. ಅಥವಾ ಆ ಹೊತ್ತಿಗೆ ಮಂಟಪದಲ್ಲಿ ಗಟ್ಟಿಮೇಳ ಶುರುವಾಗಿತ್ತೋ ಏನೋ.

"ಒಡಕಿಲ್ಲ. ಟೊಳ್ಳು ಮಾತಿಲ್ಲ. ಇದು ಸುಳ್ಳು ಹೇಳಲ್ಲ ಕಣೇ."

ತೆಂಗಿನಕಾಯಿಗೆ ಎರಡು ಕಿವಿ ಬೇಕಾಗಿದ್ದ ಮನುಷ್ಯ ಹತ್ತು ಟನ್ ತುಕ್ಕನ್ನು ಒಂದೇ ಕಿವಿಯಲ್ಲಿ ನಂಬಿಬಿಟ್ಟರು!

ಮರುದಿನ ಸಂಜೆ ಟ್ರೈಲರ್ ಮೇಲೆ ರೋಲರ್ ಬಂದಿಳಿಯಿತು. ನೀವು ಗೋವಿಂದರಾಜನಗರದವರಾಗಿದ್ದರೆ ಏನು ತಿಳಿದುಕೊಳ್ಳುತ್ತಿದ್ದಿರಿ? ಬೀದಿಯವರೂ ಅದನ್ನೇ ತಿಳಿದುಕೊಂಡರು. "ಕೊನೆಗೂ ಡಾಂಬರು ಬಂತು ಕಣ್ರೀ!" ಜನ ಓಡೋಡಿ ಬಂದು ಸ್ಕೂಟರ್ ತೆಗೆದರು. ಪಕ್ಕದ ಮನೆಯ ಆಂಟಿ ತುಳಸಿ ಕುಂಡವನ್ನು ಒಳಗೆ ಎಳೆದುಕೊಂಡರು. ಯಾರೋ ಉತ್ಸಾಹಿಗಳು ಮಾಜಿ ಕಾರ್ಪೊರೇಟರಿಗೆ ಫೋನ್ ಮಾಡಿ ಧನ್ಯವಾದ ಹೇಳಿದರು. ಅವರು ಬೇಡವೆನ್ನಲಿಲ್ಲ. ವಾರ ಕಳೆಯುವುದರಲ್ಲಿ ಬೀದಿಯ ತುದಿಯಲ್ಲಿ ಕೈಮುಗಿದು ನಗುವ ಅವರ ಫ್ಲೆಕ್ಸ್ ಎದ್ದಿತು!

ರೋಲರ್ ನಿಂತದ್ದು ಮನೆಯ ಪಕ್ಕದ ಖಾಲಿ ಜಾಗದಲ್ಲಿ. ಖಾಲಿ ಎಂದರೆ ಚಿಕ್ಕಪ್ಪನ ಲೆಕ್ಕದಲ್ಲಿ ಖಾಲಿ. ಚಿಕ್ಕಮ್ಮನ ಲೆಕ್ಕದಲ್ಲಿ ಅಲ್ಲಿ ಒಂದು ದಾಸವಾಳ, ಒಂದು ಕರಿಬೇವು ಇದ್ದವು. ದಾಸವಾಳ ಬದುಕಿತು.

"ಎಲ್ಲರ ಮನೆಗೂ ಸವತಿ ಸೀರೆ ಉಟ್ಕೊಂಡು ಬರ್ತಾಳೆ. ನನಗೆ ಟ್ರೈಲರ್ ಮೇಲೆ ಬಂದ್ಳು" ಎಂದರು ಚಿಕ್ಕಮ್ಮ. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು: "ರೀ, ಆಯುಧಪೂಜೆ ದಿನ ಇದು ತನ್ನ ಕಾಲ ಮೇಲೆ ಗೇಟು ದಾಟ್ಬೇಕು. ದಾಟ್ಲಿಲ್ವಾ, ಮಾರನೇ ದಿನ ಗುಜರಿ. ಸರೀನಾ?"

"ಸರಿ. ಇನ್ನೊಂದ್ ಸಲ ಹೇಳು."

ಚಿಕ್ಕಮ್ಮ ಇನ್ನೊಮ್ಮೆ ಹೇಳಿದರು. ಮಾತಿನಲ್ಲಿ ವ್ಯತ್ಯಾಸವಿದೆಯೇ ಎಂದು ಚಿಕ್ಕಪ್ಪ ನನ್ನಿಂದಲೂ ಒಮ್ಮೆ ಹೇಳಿಸಿದರು.

ಅಂದಿನಿಂದ ಮನೆಯಲ್ಲಿ ಸೀಮೆಎಣ್ಣೆ, ಉಪ್ಪುಕಾಗದ, ತಂತಿಬ್ರಷ್ಷಿನದೇ ಸಂಸಾರ. ನಿವೃತ್ತಿಯಾದ ಮೇಲೆ ಸೋಫಾದ ಒಂದು ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದ ಮನುಷ್ಯ ಬೆಳಗಿನ ಕಾಫಿಗೆ ಮೊದಲೇ ರೋಲರಿನ ಅಡಿಯಲ್ಲಿ! ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಅವರು ಬಣ್ಣ ಕೆರೆದರೆ ಹಳದಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು ಬಂತು. ಅದೇ ಮೊದಲ ಬಣ್ಣ, ಅದನ್ನೇ ಹೊಡೆಯಬೇಕೆಂದು ಹಠ. ಪೇಂಟ್ ಅಂಗಡಿಗೆ ಮಾದರಿಗೆಂದು ಒಂದು ಕರಿಬೇವಿನ ಎಲೆ ತೆಗೆದುಕೊಂಡು ಹೋದರು.

"ಯಾರ ಮನೆ ಗಿಡದ್ದು?" ಎಂದು ಚಿಕ್ಕಮ್ಮ ತಣ್ಣಗೆ ಕೇಳಿದರು.

ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸಲಿಲ್ಲ.

ಎಂಜಿನ್ನಿನ ಕೆಲಸಕ್ಕೆ ಭಾನುವಾರಗಳಂದು ಲಗ್ಗೆರೆಯಿಂದ ಮೆಕ್ಯಾನಿಕ್ ಒಬ್ಬರು ಬರುತ್ತಿದ್ದರು. ಅವರು ಬಂದಾಗಲೆಲ್ಲ ಚಿಕ್ಕಪ್ಪ ಸ್ಟೂಲ್ ಹಾಕಿಕೊಂಡು ಎದುರಿಗೇ ಕಾವಲು. ಕಾರಣ, ಆಗಲೇ ಕಳ್ಳತನ ಶುರುವಾಗಿತ್ತು! ಮೊದಲು ಹೋದದ್ದು ಚಕ್ರಕ್ಕೆ ಗ್ರೀಸ್ ತುಂಬುವ ಹಿತ್ತಾಳೆ ಬಟ್ಟಲಿನ ಮುಚ್ಚಳ. ಆಮೇಲೆ ಇನ್ನೊಂದು ಮುಚ್ಚಳ. ಆಮೇಲೆ ರೋಲರಿನ ಮೂತಿಯ ಮೇಲಿದ್ದ ಹಿತ್ತಾಳೆ ಪಟ್ಟಿ. ಕಬ್ಬಿಣ ಮುಟ್ಟದ ಕಳ್ಳ, ಬರೀ ಹಿತ್ತಾಳೆ ಒಯ್ಯುವ ಕಳ್ಳ.

"ಜೇಬು ಸ್ವಲ್ಪ ತೋರಿಸ್ತೀರಾ?" ಎಂದು ಚಿಕ್ಕಪ್ಪ ಒಂದು ದಿನ ಮೆಕ್ಯಾನಿಕ್ಕನ್ನು ಕೇಳಿಯೇಬಿಟ್ಟರು.

ಆತ ಎರಡೂ ಜೇಬು ಹೊರಗೆ ಎಳೆದು ತೋರಿಸಿ, "ಹುಷಾರಾಗಿ ನೋಡಿ ಸಾರ್, ಮುಂದಿನ ವಾರ ಉರುಳೆನೂ ಇದರಲ್ಲೇ ಹಾಕ್ಕೊಂಡು ಹೋಗ್ತೀನಿ" ಎಂದರು. ಕಳೆದ ಮುಚ್ಚಳಗಳ ಜಾಗಕ್ಕೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿದು ಹೋದರು. ಅದು ಹೇಗೋ ಸರಿಯಾಗಿ ಕೂತಿತು!

ಮೆಕ್ಯಾನಿಕ್ ಆದ ಮೇಲೆ ಹಳೇ ಪೇಪರಿನ ಗಾಡಿಯವನು. ಅವನಾದ ಮೇಲೆ ತುಳಸಿ ಕುಂಡದ ಆಂಟಿ. ಕೊನೆಗೆ ನಾನು! ಬಸವೇಶ್ವರನಗರದ ನನ್ನ ಮನೆಗೆ ಹೊರಟು ಆಟೋ ಕಾಯುತ್ತಿದ್ದಾಗ, "ಬ್ಯಾಗ್ ಭಾರ ಕಾಣ್ಸುತ್ತೆ, ಕೊಡು, ನಾನ್ ಹಿಡ್ಕೋತೀನಿ" ಎಂದರು. ಜೀವನದಲ್ಲಿ ಯಾರ ಚೀಲವನ್ನೂ ಹಿಡಿಯದ ಮನುಷ್ಯ! ಎಡಗೈಯಲ್ಲಿ ತೂಗಿದರು, ಬಲಗೈಯಲ್ಲಿ ತೂಗಿದರು. ಎಷ್ಟು ಗಂಭೀರವಾಗಿ ತೂಗಿದರೆಂದರೆ ಮನೆಗೆ ಹೋದವಳೇ ಬಾಗಿಲು ಹಾಕಿಕೊಂಡು ಚೀಲವನ್ನು ಹಾಸಿಗೆಯ ಮೇಲೆ ಸುರಿದೆ. ಯಾರಿಗೆ ಗೊತ್ತು? ಮರೆವಿನಲ್ಲಿ ನಾನೇ ತಂದಿದ್ದರೆ? ಕನ್ನಡಕದ ಡಬ್ಬಿ, ಕೊಡೆ, ಬೀಗದ ಕೈ. ಹಿತ್ತಾಳೆ ಇರಲಿಲ್ಲ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಚಿಕ್ಕಪ್ಪ ಅನುಮಾನಿಸದೆ ಬಿಟ್ಟವರು ಚಿಕ್ಕಮ್ಮ ಒಬ್ಬರೇ. ಅವರು ರೋಲರಿನ ಕಡೆ ಮುಖ ಹಾಕಿಯೂ ಮಲಗುವುದಿಲ್ಲವೆಂದು ಬೀದಿಗೇ ಗೊತ್ತಿತ್ತು. ನನಗೆ ಮಾತ್ರ ಆಗಲೇ ಅವರ ಮೇಲೆ ಕಣ್ಣಿತ್ತು. ರೋಲರ್ ಗುಜರಿಗೆ ಹೋಗಲೆಂದು ಕಾಯುತ್ತಿದ್ದವರು ಅವರೊಬ್ಬರೇ ಅಲ್ಲವೇ? ಈಗ ಬರೆಯುವಾಗ, ಆ ದಿನಗಳಲ್ಲಿ ಅವರ ಅಡುಗೆಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಹಣ್ಣಿನ ವಾಸನೆ ಇರುತ್ತಿತ್ತು ಎಂದೂ ನೆನಪಾಗುತ್ತಿದೆ. ಆಗ ನಿಜವಾಗಿ ಬಂದಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಆಣೆ ಮಾಡಲಾರೆ.

ಆಯುಧಪೂಜೆಗೆ ಎರಡೇ ದಿನ ಉಳಿದಿತ್ತು. ಎಂಜಿನ್ ಕೂತಿತ್ತು, ಬಣ್ಣ ಒಣಗಿತ್ತು. ಅಂದು ಬೆಳಿಗ್ಗೆ ಡೀಸೆಲ್ಲಿನ ನಲ್ಲಿ ಮಾಯ! ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಬಿಡುವ ಹೆಬ್ಬೆರಳಿನಷ್ಟು ಹಿತ್ತಾಳೆ ನಲ್ಲಿ. ಅದಿಲ್ಲದೆ ಹತ್ತು ಟನ್ ಬರೀ ಹತ್ತು ಟನ್. ಅದಕ್ಕೆ ಉಪ್ಪಿನಕಾಯಿ ಮುಚ್ಚಳ ನಡೆಯುವುದಿಲ್ಲ. ಅಷ್ಟು ಹಳೆಯ ನಲ್ಲಿ ಎಲ್ಲೂ ಸಿಗುವುದಿಲ್ಲವೆಂದು ಮೆಕ್ಯಾನಿಕ್ ಫೋನಿನಲ್ಲಿ ಹೇಳಿದರು.

ಸುದ್ದಿ ಕೇಳಿ ನಾನು ಓಡಿ ಬಂದೆ, ಈ ಸಲ ಬ್ಯಾಗು ಬಿಟ್ಟೇ. ಚಿಕ್ಕಪ್ಪ ರೋಲರಿನ ತೂತು ಸೀಟಿನ ಮೇಲೆ ಕೂತಿದ್ದರು. ಎದುರು ಗೋಡೆ ನೋಡುತ್ತಿದ್ದರು.

"ಯಾರ ಮೇಲೆ ಅನುಮಾನ ಚಿಕ್ಕಪ್ಪ?"

"ಯಾರ ಮೇಲೂ ಇಲ್ಲ."

"ಪೇಪರ್ ಗಾಡಿಯವನು?"

"ಪಾಪ, ಅವನ್ಯಾಕೆ."

"ಪಕ್ಕದ್ಮನೆ ಆಂಟಿ?"

"ಹೋಗ್ಲಿ ಬಿಡು. ಗುಜರಿಯವನಿಗೆ ಫೋನ್ ಮಾಡಿ ಹೇಳಿಬಿಡು, ಹಬ್ಬದ ಮಾರನೇ ದಿನ ಬರ್ಲಿ."

ನಮ್ಮ ಚಿಕ್ಕಪ್ಪ ಯಾರನ್ನೂ ಅನುಮಾನಿಸುತ್ತಿಲ್ಲ! ಅಡುಗೆಮನೆಯ ಕಿಟಕಿಯಲ್ಲಿ ಚಿಕ್ಕಮ್ಮ ನಿಂತಿದ್ದರು. ಕೇಳಿಸಿಕೊಂಡರು. ಕಿಟಕಿ ಹಾಕಿಕೊಂಡರು.

ಹಬ್ಬದ ಬೆಳಿಗ್ಗೆ ದೇವರ ಮನೆಯ ಮುಂದೆ ಮಣೆ ಹಾಕಿ ಎಲ್ಲ ಆಯುಧಗಳನ್ನೂ ಜೋಡಿಸಿದ್ದರು. ಈಳಿಗೆಮಣೆ, ಕತ್ತರಿ, ಚಾಕು, ಚಿಕ್ಕಮ್ಮನ ಹೊಲಿಗೆ ಮಿಷನ್. ಚಿಕ್ಕಪ್ಪ ವಿಭೂತಿ ಹಚ್ಚಿಕೊಂಡು, ಹೂವು ಇಡಲು ಬಗ್ಗಿದವರು ಬಗ್ಗಿಯೇ ಉಳಿದರು. ಈಳಿಗೆಮಣೆಯ ಪಕ್ಕದಲ್ಲಿ ಗ್ರೀಸ್ ಬಟ್ಟಲಿನ ಮುಚ್ಚಳಗಳು. ಮೂತಿಯ ಪಟ್ಟಿ. ನಡುವೆ ಡೀಸೆಲ್ಲಿನ ನಲ್ಲಿ. ಒಂದೊಂದೂ ಈಗ ತಾನೇ ಅಕ್ಕಸಾಲಿಗನ ಅಂಗಡಿಯಿಂದ ಬಂದಂತೆ ಹೊಳೆಯುತ್ತಿತ್ತು! ಪ್ರತಿಯೊಂದಕ್ಕೂ ಕುಂಕುಮ.



"ಮೊದಲನೇದು ತೆಗೆದಿದ್ದು ಓಡದೇ ಇರ್ಲಿ ಅಂತಾನೇ" ಎಂದರು ಚಿಕ್ಕಮ್ಮ ದೀಪದ ಬತ್ತಿ ಸರಿ ಮಾಡುತ್ತಾ. "ಜಿಡ್ಡು ಜಿಡ್ಡಾಗಿತ್ತು. ಬಚ್ಚಿಡೋದಾದ್ರೂ ಹಾಗೇ ಹೇಗೆ ಇಡೋದು? ತಿಕ್ಕಿದೆ. ಚಿನ್ನದ ಥರ ಬಂತು ಕಣ್ರೀ! ಆಮೇಲೆ ಇನ್ನೊಂದು ಹೇಗಿರುತ್ತೋ ಅನ್ನಿಸ್ತು."

"ಮತ್ತೆ ನಲ್ಲಿ? ಹಬ್ಬ ಎರಡು ದಿನ ಇದ್ದಾಗ?" ಎಂದರು ಚಿಕ್ಕಪ್ಪ.

"ಎಲ್ಲ ಹೊಳೀತಾ ಇದ್ದು ಅದೊಂದು ಕಪ್ಪಗಿದ್ರೆ ನೋಡಿದವ್ರು ಏನಂತಾರೆ? ಮಾರನೇ ಬೆಳಿಗ್ಗೆ ಕೊಡೋಣ ಅಂತಿದ್ದೆ. ನೀವು ಆಗಲೇ ಗುಜರಿ ಗುಜರಿ ಅಂತ ಶುರು ಮಾಡಿದ್ರಿ. ಆಮೇಲೆ ಯಾವ ಮುಖ ಇಟ್ಕೊಂಡು ಕೊಡ್ಲಿ?"

ಚಿಕ್ಕಪ್ಪ ನಲ್ಲಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಬಲಗಣ್ಣಿನಿಂದ ನೋಡಿದರು, ಎಡಗಣ್ಣಿನಿಂದ ನೋಡಿದರು.

"ಹುಣಸೆಹಣ್ಣಾ?"

"ಮತ್ತಿನ್ನೇನು?"

"ಒಳಗೆ ಹುಳಿನೀರು ನಿಂತ್ರೆ ಕೆಡುತ್ತೆ ಕಣೇ."

"ಬಿಸಿಲಲ್ಲಿ ಒಣಗಿಸಿದೀನಿ. ಒರೆಸೋ ಬಟ್ಟೆ ಇರ್ಲಿಲ್ಲ ಅಂತ ನಿಮ್ಮ ಹಳೇ ಬನಿಯನ್ ಹರಿದು ಒಳಗೆಲ್ಲ ಒರೆಸಿದೀನಿ."

ಚಿಕ್ಕಪ್ಪ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಲೆಕ್ಕ ತಪಾಸಣೆ ಮುಗಿದಿತ್ತು.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಎಲ್ಲವನ್ನೂ ಜೋಡಿಸಿ ಹ್ಯಾಂಡಲ್ ತಿರುಗಿಸಿದರು. ರೋಲರ್ ಕೆಮ್ಮಿತು, ಉಗುಳಿತು, ಆಂಟಿಯ ತುಳಸಿಗೆಲ್ಲ ಹೊಗೆ ಹಾಕಿ ಗುಡುಗಿತು! ಉರುಳೆಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಕಾರು ಹತ್ತಿದರೆ ನಿಂಬೆಹಣ್ಣು ಒಡೆಯುತ್ತದೆ. ಇಲ್ಲಿ ಅದು ಕಾಗದವಾಯಿತು. ಕರಿಬೇವಿನ ಬಣ್ಣದ ಹತ್ತು ಟನ್ ತನ್ನ ಕಾಲ ಮೇಲೆ ಗೇಟು ದಾಟಿತು. ಬೀದಿಯವರು ಮತ್ತೆ ಸ್ಕೂಟರ್ ತೆಗೆದರು. "ಡಾಂಬರು ಎಲ್ಲಿ?" ಎಂದು ಯಾರೋ ಕೂಗಿದ್ದೂ ಕೇಳಿಸಿತು.

ರೋಡ್ ರೋಲರ್ ಎಷ್ಟು ವೇಗವಾಗಿ ಹೋಗುತ್ತದೆಂದು ನೀವು ನೋಡಿದ್ದೀರಲ್ಲ? ಮೊಣಕಾಲು ನೋವಿರುವ ಹೆಂಗಸು ನಡೆಯುವಷ್ಟು ವೇಗವಾಗಿ. ಮಂಗಳಾರತಿ ತಟ್ಟೆ ಹಿಡಿದು ಪಕ್ಕದಲ್ಲಿ ಹೊರಟ ಚಿಕ್ಕಮ್ಮ ಎಲ್ಲೂ ಹಿಂದೆ ಬೀಳಲಿಲ್ಲ. ಚಿಕ್ಕಪ್ಪನಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ! ಚಿಕ್ಕಮ್ಮ ಏನೋ ಹೇಳುತ್ತಿದ್ದರು. ಎಂಜಿನ್ನಿನ ಸದ್ದಿಗೆ ಒಂದಕ್ಷರವೂ ಕೇಳಿಸುವಂತಿರಲಿಲ್ಲ. ಚಿಕ್ಕಪ್ಪ ಸೀಟಿನಿಂದ ಬಗ್ಗಿ, ಕತ್ತು ಪೂರ್ತಿ ಅವರ ಕಡೆ ತಿರುಗಿಸಿ, "ಏನಂದೆ?" ಎಂದರು. ಅವರು ಮತ್ತೆ ಹೇಳಿದರು. ಇವರು ಮತ್ತೆ "ಆಂ? ಏನಂದೆ?" ಎಂದು ಬಗ್ಗಿದರು. ಹೀಗೆಯೇ ಬೀದಿಯ ತುದಿಯವರೆಗೆ, ಆ ಫ್ಲೆಕ್ಸಿನ ಕೆಳಗೆ ಹಾದು, ತಿರುವಿನಾಚೆಗೂ ಹೋದರು. ಮನೆಗೆ ಬೀಗ ಹಾಕಿರಲಿಲ್ಲ. ಅದು ಇಬ್ಬರಿಗೂ ನೆನಪಾಗಲಿಲ್ಲ.

ಅಂದು ಚಿಕ್ಕಮ್ಮನ ಕೈಯಲ್ಲಿದ್ದ ದೀಪ ಅಷ್ಟು ದೂರವೂ ಆರಲಿಲ್ಲವೆಂದು ನನ್ನ ನೆನಪು. ಗಾಳಿಯಿತ್ತು, ಹೊಗೆಯಿತ್ತು, ಸಾಧ್ಯವೇ ಎಂದು ಯಾರಾದರೂ ಕೇಳಬಹುದು. ನಾನು ಮಾತ್ರ ಇದೊಂದನ್ನು ಯಾರ ಹತ್ತಿರವೂ ವಿಚಾರಿಸಲು ಹೋಗಿಲ್ಲ.